ನೀಲಿ ಪಂಪಿನ ಲೆಕ್ಕ

ಕಡಲೆಕಾಯಿ ಬಿಡಿಸುವ ಕಾಲದಲ್ಲಿ ನಮ್ಮ ತಾಲೂಕಿನ ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ ಸ್ಟೋರ್ ಮುಂದೆ ಅರ್ಧ ಗಂಟೆ ನಿಂತರೆ ಒಂದು ಮಾತು ಮೂರ್ನಾಲ್ಕು ಸಲವಾದರೂ ಕಿವಿಗೆ ಬೀಳುತ್ತದೆ. "ಅಣ್ಣಾ, ನೀಲಿದೊಂದು ಕೊಡು." ಚೀಟಿ ಇಲ್ಲ, ಔಷಧಿಯ ಹೆಸರೂ ಇಲ್ಲ. ಅಂಗಡಿ ಹುಡುಗ ತಲೆ ಎತ್ತದೆಯೇ ಕೈ ಹಾಕಿ ನೀಲಿ ಪಂಪು ತೆಗೆದು ಕೊಡುತ್ತಾನೆ. ತಗೊಂಡವರು ಅಲ್ಲೇ ಕಟ್ಟೆ ಮೇಲೆ ಕೂತು ಎರಡು ಸಲ ಎಳೆದು, ಉಸಿರು ಹಗುರಾದ ಮೇಲೆ ಬಸ್ ಹತ್ತುತ್ತಾರೆ.

ಸುದ್ದಿಗೆ ಕಾಯುತ್ತಾ ನಾವೂ ಅದೇ ಕಟ್ಟೆ ಮೇಲೆ ಕೂರುವವರು. ಹೋದ ವರ್ಷ ನಮ್ಮ ಬೀದಿಯ ದೊಡ್ಡಮ್ಮ ಒಬ್ಬರು ಅಲ್ಲಿ ಸಿಕ್ಕಿ ಒಂದು ದೂರು ಹೇಳಿದರು. "ಮೊದ್ಲು ಒಂದು ಡಬ್ಬಿ ನಾಕು ತಿಂಗ್ಳು ಬರೋದು ಕಣಪ್ಪಾ. ಈಗ ಇಪ್ಪತ್ತು ದಿನಕ್ಕೆಲ್ಲ ಖಾಲಿ. ಕಂಪನಿಯೋರು ಔಷಧಿ ಕಮ್ಮಿ ತುಂಬ್ತಾವ್ರೆ, ನೀವು ಪೇಪರ್‌ನಲ್ಲಿ ಹಾಕ್ಬೇಕು."

ಡಬ್ಬಿಯ ಮೇಲೆ ಬರೆದಿದ್ದನ್ನು ಓದಿದೆವು. 200 ಎಳೆತ. ಅಷ್ಟೇ ಮೊದಲೂ ಇತ್ತು. ಇಪ್ಪತ್ತು ದಿನಕ್ಕೆ ಖಾಲಿ ಅಂದರೆ ದಿನಕ್ಕೆ ಹತ್ತು ಸಲ. ನಾಲ್ಕು ತಿಂಗಳು ಬರುತ್ತಿದ್ದಾಗ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಡಬ್ಬಿ ಬದಲಾಗಿರಲಿಲ್ಲ, ದೊಡ್ಡಮ್ಮನ ಎದೆ ಬದಲಾಗಿತ್ತು. ಇದನ್ನು ಪೇಪರ್‌ಗೆ ಹೇಗೆ ಬರೆಯುವುದು ಎಂದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಎಪ್ಪತ್ತು ವರ್ಷದ ಒಂದು ಕಥೆ. ಈ ಲೆಕ್ಕ ತಪ್ಪಿ ಬೇರೆ ದೇಶಗಳಲ್ಲಿ ಎರಡು ಸಲ ಸಾವಿರಾರು ಜನ ಸತ್ತಿದ್ದಾರೆ. ಅದರಲ್ಲಿ ಮಕ್ಕಳೂ ಇದ್ದರು.

ಕಥೆಯ ಮೊದಲ ತುದಿ ನಮ್ಮ ಕಡೆಯದೇ. ನಮ್ಮಲ್ಲಿ ಹಳಬರು ಆಸ್ತಮಾಕ್ಕೆ ಗೂರಲು ಅನ್ನುತ್ತಾರೆ, ಕೆಲವರು ಉಬ್ಬಸ, ದಮ್ಮು ಅನ್ನುತ್ತಾರೆ. ಗೂರಲಿಗೆ ಉಮ್ಮತ್ತಿಯ ಹೊಗೆ ಎಳೆಯುವ ರೂಢಿ ದಕ್ಷಿಣ ಭಾರತದಲ್ಲಿತ್ತು. ಮದರಾಸಿನಲ್ಲಿ ಕಂಪನಿ ಸರ್ಕಾರದ ದೊಡ್ಡ ವೈದ್ಯನಾಗಿದ್ದ ಜೇಮ್ಸ್ ಆಂಡರ್ಸನ್ ಇದನ್ನು ನೋಡಿ ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ಹೇಳಿದ. ಆತ 1802ರಲ್ಲಿ ಆ ಗಿಡವನ್ನು ಬ್ರಿಟನ್ನಿಗೆ ಒಯ್ದ. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನಲ್ಲಿ ಉಮ್ಮತ್ತಿ ಜಾತಿಯ ಎಲೆ ತುಂಬಿದ 'ಆಸ್ತಮಾ ಸಿಗರೇಟು' ಮಾರಾಟವಾಯಿತು. (ಇದನ್ನು ಓದಿ ಯಾರೂ ಬೇಲಿಯ ಉಮ್ಮತ್ತಿಗೆ ಕೈ ಹಾಕಬೇಡಿ. ಅದು ವಿಷ.) ಔಷಧಿಯನ್ನು ನುಂಗುವುದಕ್ಕಿಂತ ಉಸಿರಿನ ಜೊತೆ ನೇರ ಎದೆಗೆ ಕಳಿಸಿದರೆ ಬೇಗ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ಹೀಗೆ ಹಳೆಯದು.

20ನೇ ಶತಮಾನದಲ್ಲಿ ಅಡ್ರಿನಲಿನ್ ಬಂತು, ಆಮೇಲೆ 1940ರ ಸುಮಾರಿಗೆ ಜರ್ಮನಿಯಲ್ಲಿ ಐಸೊಪ್ರಿನಲಿನ್. ಎರಡೂ ಬಿಗಿದ ಶ್ವಾಸನಾಳವನ್ನು ಸಡಿಲ ಮಾಡುತ್ತವೆ. ಆದರೆ ಗಾಜಿನ ಬುರುಡೆಗೆ ರಬ್ಬರ್ ಚೆಂಡು ಸಿಕ್ಕಿಸಿ ಅದನ್ನು ಒತ್ತಿ ಒತ್ತಿ ಎಳೆಯಬೇಕಿತ್ತು. ಜೇಬಿನಲ್ಲಿಟ್ಟರೆ ಒಡೆಯುತ್ತಿತ್ತು.

1955ರಲ್ಲಿ ಅಮೆರಿಕದಲ್ಲಿ 13 ವರ್ಷದ ಒಬ್ಬ ಹುಡುಗಿ ತನ್ನ ಅಪ್ಪನನ್ನು ಒಂದು ಪ್ರಶ್ನೆ ಕೇಳಿದಳು. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿ ಇದೆಯಲ್ಲ, ನನ್ನ ಆಸ್ತಮಾ ಔಷಧಿಯನ್ನೂ ಹಾಗೇ ಡಬ್ಬಿಗೆ ಯಾಕೆ ತುಂಬಬಾರದು? ಆ ಅಪ್ಪ ಜಾರ್ಜ್ ಮೇಸನ್, ರೈಕರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಮುಖ್ಯಸ್ಥ. ಮರುವರ್ಷವೇ, 1956ರಲ್ಲಿ, ಒತ್ತಿದರೆ ಅಳತೆ ಮಾಡಿದಷ್ಟೇ ಔಷಧಿ ಉಗುಳುವ ಡಬ್ಬಿ ಅಂಗಡಿಗೆ ಬಂತು. ಈವತ್ತು ನಮ್ಮ ಜೇಬಿನಲ್ಲಿರುವ ಪಂಪು ಅದರ ಮೊಮ್ಮಗ. ಕೋಟ್ಯಂತರ ಜನರ ರಾತ್ರಿಗಳನ್ನು ಅದು ಕಾಪಾಡಿದೆ. ಮುಂದೆ ಬರುವುದನ್ನು ಓದುವಾಗ ಇದನ್ನು ಮರೆಯಬಾರದು.

ಆಮೇಲೆ ಆಗಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಆಸ್ತಮಾದಿಂದ ಸಾಯುವವರ ಪ್ರಮಾಣ ನೂರು ವರ್ಷದಿಂದ ಹೆಚ್ಚು ಏರುಪೇರಿಲ್ಲದೆ ನಡೆದಿತ್ತು. 1960ರ ನಂತರ ಅದು ಏರತೊಡಗಿತು. 5ರಿಂದ 34 ವರ್ಷದವರಲ್ಲಿ ಸಾವು ಸುಮಾರು ಮೂರು ಪಟ್ಟಾಯಿತು. 10ರಿಂದ 14 ವರ್ಷದ ಮಕ್ಕಳಲ್ಲಿ ಏಳೇ ವರ್ಷಕ್ಕೆ ಹೆಚ್ಚುಕಡಿಮೆ ಎಂಟು ಪಟ್ಟು. 1966ರ ಹೊತ್ತಿಗೆ ಆ ವಯಸ್ಸಿನ ಮಕ್ಕಳ ಒಟ್ಟು ಸಾವುಗಳಲ್ಲಿ ಶೇ 7ರಷ್ಟು ಆಸ್ತಮಾದಿಂದಲೇ ಆಗುತ್ತಿದ್ದವು. ರೋಗ ಹೊಸದಲ್ಲ, ವೈದ್ಯರು ಕಡಿಮೆಯಾಗಿರಲಿಲ್ಲ, ಔಷಧಿ ಮೊದಲಿಗಿಂತ ಚೆನ್ನಾಗಿತ್ತು. ಮತ್ತೇಕೆ?

ಹುಡುಕಲು ಕೂತವರಲ್ಲಿ ರಿಚರ್ಡ್ ಡಾಲ್ ಒಬ್ಬರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟವರಲ್ಲಿ ಮುಖ್ಯರು ಇವರೇ. ಫ್ರಾಂಕ್ ಸ್ಪೈಜರ್ ಮತ್ತಿತರರ ಜೊತೆ ಸೇರಿ ಸತ್ತವರ ದಾಖಲೆ ತೆಗೆದು, ಅವರನ್ನು ನೋಡಿದ್ದ ವೈದ್ಯರನ್ನು ವಿಚಾರಿಸಿದರು. 184 ಸಾವುಗಳನ್ನು ಪರಿಶೀಲಿಸಿದಾಗ ಶೇ 84ರಷ್ಟು ಜನ ಪಂಪು ಬಳಸುತ್ತಿದ್ದುದು ತಿಳಿಯಿತು. ಕೆಲವರು ಮಿತಿಮೀರಿ ಎಳೆದಿದ್ದರು. 1968ರಲ್ಲಿ ಈ ಬರಹಗಳು ಅಚ್ಚಾದವು. ಅಷ್ಟರಲ್ಲೇ, 1967ರ ಜೂನ್‌ನಲ್ಲಿ, ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ದೇಶದ ವೈದ್ಯರಿಗೆಲ್ಲ ಎಚ್ಚರಿಕೆ ಕಳಿಸಿತ್ತು.

ಇಲ್ಲಿ ಒಂದು ವಿಷಯ ನಮ್ಮ ಗಮನ ಸೆಳೆಯಿತು. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲೂ ಈ ಪಂಪು ಚೀಟಿಯಿಲ್ಲದೆ ಸಿಗುತ್ತಿತ್ತು. ನಮ್ಮ ಬಸ್ ಸ್ಟ್ಯಾಂಡಿನ ಅಂಗಡಿಯ ಹಾಗೆಯೇ. 1968ರ ಕೊನೆಯಲ್ಲಿ ವೈದ್ಯರ ಚೀಟಿ ಕಡ್ಡಾಯವಾಯಿತು. ಮಾರಾಟ ಇಳಿಯಿತು, ಸಾವೂ ಇಳಿಯಿತು. 1969ರಲ್ಲಿ ವಿಲಿಯಂ ಇನ್ಮನ್ ಮತ್ತು ಏಬ್ರಹಾಂ ಅಡೆಲ್‌ಸ್ಟೈನ್ ಎಂಬಿಬ್ಬರು ಮಾರಾಟ ಮತ್ತು ಸಾವು ಎರಡರ ಗೆರೆಯನ್ನೂ ಪಕ್ಕಪಕ್ಕ ಎಳೆದು ತೋರಿಸಿದರು. ಒಟ್ಟಿಗೆ ಹತ್ತಿ ಒಟ್ಟಿಗೆ ಇಳಿದ ಗೆರೆಗಳು. ಆ ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೆಚ್ಚುವರಿಯಾಗಿ ಸತ್ತವರು ಸುಮಾರು 3,500 ಎಂಬುದು ಅವರ ಅಂದಾಜು.

ಇದೇ ಡಬ್ಬಿ ಹುಟ್ಟಿದ ಅಮೆರಿಕದಲ್ಲಿ ಅಂಥ ಸಾವಿನ ಅಲೆ ಏಳಲಿಲ್ಲ. ಯಾಕೆಂದು 1972ರಲ್ಲಿ ಪಾಲ್ ಸ್ಟಾಲಿ ಎಂಬ ವೈದ್ಯ ವಿವರಿಸಿದರು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನಾರ್ವೆ ಕಡೆ ಮಾರುತ್ತಿದ್ದುದು 'ಫೋರ್ಟ್' ಎಂಬ ಗಟ್ಟಿ ಮಾಲು. ಒಂದು ಒತ್ತಿಗೆ ಮಾಮೂಲಿಯ ಐದು ಪಟ್ಟು ಐಸೊಪ್ರಿನಲಿನ್. ಅದು ಅಮೆರಿಕದಲ್ಲಿ ಮಾರಾಟಕ್ಕೆ ಬಂದಿರಲಿಲ್ಲ.

ಪಂಪು ಕೊಂದಿತೇ, ಅಥವಾ ಪಂಪನ್ನು ನಂಬಿ ಆಸ್ಪತ್ರೆಗೆ ತಡವಾಗಿ ಹೋದದ್ದು ಕೊಂದಿತೇ ಎಂದು ಆಗಿನಿಂದ ಜಗಳ ನಡೆದಿದೆ. ಐಸೊಪ್ರಿನಲಿನ್ ಎದೆಗೂಡಿಗೆ ಹೋದರೆ ಶ್ವಾಸನಾಳವನ್ನಷ್ಟೇ ಅಲ್ಲ, ಹೃದಯವನ್ನೂ ಓಡಿಸುತ್ತದೆ. ಆಮ್ಲಜನಕ ಕಡಿಮೆಯಾದ ಹೃದಯ ಆ ಓಟ ತಡೆಯಲಾರದು. ಇನ್ನೊಂದು ಕಡೆ, ಎಳೆದ ತಕ್ಷಣ ಹಾಯೆನಿಸಿದರೆ ಯಾರು ತಾನೆ ರಾತ್ರಿ ಎರಡು ಗಂಟೆಗೆ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋಗುತ್ತಾರೆ? ನಮಗೆ ಎರಡೂ ನಿಜವೆನಿಸುತ್ತದೆ. ಎರಡನೆಯದು ನಮ್ಮೂರಿನಲ್ಲಿ ಈಗಲೂ ನಡೆಯುತ್ತಿರುವುದರಿಂದ ಅದರ ಬಗ್ಗೆ ಹೆಚ್ಚು ಭಯ.

ಇದನ್ನು ಅರ್ಥ ಮಾಡಿಕೊಳ್ಳಲು ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪು ನೆನೆಯಿರಿ. ಆಸ್ತಮಾದಲ್ಲಿ ಎರಡು ತೊಂದರೆ ಒಟ್ಟಿಗೆ ಇವೆ. ಹೊರಗಿನಿಂದ ಹಗ್ಗ ಬಿಗಿದ ಹಾಗೆ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಒಳಗೆ ಗೋಡೆ ಊದಿಕೊಂಡು ಕಫ ಹೂಳಿನಂತೆ ಕಟ್ಟುತ್ತದೆ. ನೀಲಿ ಪಂಪು ಹಗ್ಗವನ್ನು ಐದು ನಿಮಿಷದಲ್ಲಿ ಸಡಿಲಿಸುತ್ತದೆ, ನಾಲ್ಕಾರು ಗಂಟೆ ಹಾಗೇ ಇಡುತ್ತದೆ. ಊತವನ್ನೂ ಹೂಳನ್ನೂ ಅದು ಮುಟ್ಟುವುದೇ ಇಲ್ಲ. ಒಳಗೆ ಊತ ಹೆಚ್ಚುತ್ತಾ ಹೋದರೂ ಹೊರಗೆ ನಮಗೆ ಹಾಯೆನಿಸುತ್ತಿರುತ್ತದೆ. ಪದೇ ಪದೇ ಎಳೆದರೆ ಸ್ನಾಯುವೂ ಆ ಔಷಧಿಗೆ ಒಗ್ಗಿಹೋಗಿ ಮೊದಲಿನಷ್ಟು ಸಡಿಲಾಗುವುದಿಲ್ಲ. ಆಗ ಇನ್ನೂ ಎರಡು ಎಳೆತ ಬೇಕಾಗುತ್ತದೆ. ದೊಡ್ಡಮ್ಮನ ಡಬ್ಬಿ ಬೇಗ ಖಾಲಿಯಾಗುತ್ತಿದ್ದುದು ಹೀಗೆ.

ಬ್ರಿಟನ್ನಿನಲ್ಲೇ ಇದಕ್ಕೆ ಎರಡು ಉತ್ತರ ಹುಟ್ಟಿದವು. ಎರಡನ್ನೂ ಮಾಡಿದ ತಂಡಕ್ಕೆ ಸ್ಕಾಟ್ಲೆಂಡಿನ ಗಣಿ ಕಾರ್ಮಿಕನ ಮಗ ಡೇವಿಡ್ ಜ್ಯಾಕ್ ಮುಂದಾಳು. ಒಂದು ಸಾಲ್ಬ್ಯುಟಮಾಲ್. ಹೃದಯವನ್ನು ಅಷ್ಟಾಗಿ ಕೆಣಕದೆ ಶ್ವಾಸನಾಳವನ್ನು ಸಡಿಲಿಸುವ ಔಷಧಿ, 1969ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಅಂಗಡಿಯ ನೀಲಿ ಪಂಪಿನಲ್ಲಿರುವುದು ಇದೇ. ಇನ್ನೊಂದು ಬೆಕ್ಲೊಮೆಟಾಸೋನ್, 1972ರದ್ದು. ಎದೆಗೆ ಎಳೆಯುವ ಸ್ಟಿರಾಯ್ಡ್. ಅದು ಹಗ್ಗಕ್ಕೆ ಕೈ ಹಾಕುವುದಿಲ್ಲ, ಒಳಗಿನ ಊತವನ್ನು ದಿನದಿನಕ್ಕೂ ಇಳಿಸುತ್ತದೆ. ಎಳೆದ ತಕ್ಷಣ ಏನೂ ಗೊತ್ತಾಗುವುದಿಲ್ಲ. ನಮ್ಮ ಪ್ರಕಾರ ಇಡೀ ಕಥೆಯ ತೊಡಕು ಇಲ್ಲೇ ಇದೆ. ರೋಗ ತಗ್ಗಿಸುವ ಪಂಪು ಎಳೆದಾಗ ಏನೂ ಅನ್ನಿಸುವುದಿಲ್ಲ, ರೋಗ ತಗ್ಗಿಸದ ಪಂಪು ಎಳೆದಾಗ ಜೀವ ಬಂದಂತಾಗುತ್ತದೆ. ಜನ ಯಾವುದನ್ನು ಕೊಳ್ಳುತ್ತಾರೆ?

ಎರಡನೇ ಸಲ ಪೆಟ್ಟು ಬಿದ್ದಿದ್ದು ನ್ಯೂಜಿಲೆಂಡಿಗೆ. ಅಲ್ಲಿಗೆ 1976ರಲ್ಲಿ ಫೆನೊಟೆರಾಲ್ ಎಂಬ ಹೊಸ ಪಂಪು ಬಂತು. ಒಂದು ಎಳೆತಕ್ಕೆ 200 ಮೈಕ್ರೋಗ್ರಾಂ, ಸಾಲ್ಬ್ಯುಟಮಾಲ್ ಆದರೆ 100. ಅದೇ ವರ್ಷದಿಂದ ಆಸ್ತಮಾ ಸಾವು ಏರಿ, ಯುವಜನರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಎನ್ನುವಷ್ಟಾಯಿತು. ಅಲ್ಲಿನ ಮೂಲನಿವಾಸಿ ಮಾವೊರಿಗಳಲ್ಲಿ ಇನ್ನೂ ಹೆಚ್ಚು. ಹತ್ತು ವರ್ಷ ಕಾರಣಗಳ ಚರ್ಚೆಯೇ ನಡೆಯಿತು. ಬಡತನ ಅಂದರು, ಆಸ್ಪತ್ರೆ ದೂರ ಅಂದರು, ಬೇರೆ ಗುಳಿಗೆ ಜೊತೆ ಸೇರಿತು ಅಂದರು.

ವೆಲ್ಲಿಂಗ್ಟನ್ನಿನ ಕೆಲವು ಯುವ ಸಂಶೋಧಕರು, ಜೂಲಿಯನ್ ಕ್ರೇನ್, ನೀಲ್ ಪಿಯರ್ಸ್, ರಿಚರ್ಡ್ ಬೀಸ್ಲಿ ಮತ್ತಿತರರು, 1981ರಿಂದ 1983ರ ನಡುವೆ ಸತ್ತ 117 ಜನರ ದಾಖಲೆಗಳನ್ನು ಆಸ್ತಮಾ ಇದ್ದೂ ಬದುಕಿದವರ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದರು. ಫೆನೊಟೆರಾಲ್ ಬಳಸಿದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಬರಹ ಅಚ್ಚಾಗುವ ಮುಂಚೆಯೇ ದೊಡ್ಡ ವಿರೋಧ ಎದ್ದಿತು. ತಜ್ಞರೇ ತಜ್ಞರ ಮೇಲೆ ಬಿದ್ದರು. ಕೊನೆಗೆ 1989ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ನ್ಯೂಜಿಲೆಂಡ್ ಸರ್ಕಾರ ಆ ಔಷಧಿಗೆ ಕೊಡುತ್ತಿದ್ದ ಹಣ ನಿಲ್ಲಿಸಿತು. ಬಳಕೆ ಕುಸಿಯಿತು, ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಪಿಯರ್ಸ್ ಆ ಜಗಳದ ಕಥೆಯನ್ನು ಮುಂದೆ ಪುಸ್ತಕವನ್ನಾಗಿಯೇ ಬರೆದರು. ಪತ್ರಿಕೋದ್ಯಮ ಓದಿದವರಿಗೆ ಈ ಪ್ರಕರಣವನ್ನು ಯಾರೂ ಪಾಠ ಮಾಡಲಿಲ್ಲವಲ್ಲ ಎಂದು ನಮಗೆ ಬೇಸರ.

ಇಷ್ಟರ ಮೇಲೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸಾಲ್ಬ್ಯುಟಮಾಲ್ ಆ ಹಳೆಯ ಎರಡು ಔಷಧಿಗಳಂಥದ್ದಲ್ಲ. ದಮ್ಮು ಬಂದಾಗ ಅದು ಜೀವ ಉಳಿಸುತ್ತದೆ. ಆದರೆ ಅದೊಂದನ್ನೇ ನಂಬಿ ಕೂತರೆ ಹಳೆಯ ಕಥೆ ನಿಧಾನವಾಗಿ ಮತ್ತೆ ನಡೆಯುತ್ತದೆ. ಬ್ರಿಟನ್ 2014ರಲ್ಲಿ ತನ್ನ ಆಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ವರದಿ ತಂದಿತು. ನೀಲಿ ಪಂಪಿನ ಲೆಕ್ಕ ಸಿಕ್ಕಿದ 165 ಜನರಲ್ಲಿ 65 ಜನ ಸಾಯುವ ಮುಂಚಿನ ಒಂದು ವರ್ಷದಲ್ಲಿ 12ಕ್ಕಿಂತ ಹೆಚ್ಚು ಡಬ್ಬಿ ಪಡೆದಿದ್ದರು. ಆರು ಜನ 50ಕ್ಕಿಂತ ಹೆಚ್ಚು. ಐವತ್ತು ಡಬ್ಬಿ ಅಂದರೆ ಹತ್ತು ಸಾವಿರ ಎಳೆತ, ದಿನಕ್ಕೆ ಇಪ್ಪತ್ತೇಳು. ಚೀಟಿ ಕಡ್ಡಾಯವಿರುವ, ಪ್ರತಿ ಡಬ್ಬಿಯೂ ಕಂಪ್ಯೂಟರಿನಲ್ಲಿ ದಾಖಲಾಗುವ ದೇಶದಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮ ಕಟ್ಟೆ ಮೇಲೆ ಕೂತು ಲೆಕ್ಕ ಹಾಕುವವರು ಯಾರು?

ಸ್ವೀಡನ್ನಿನಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2020ರಲ್ಲಿ ಹೇಳಿದ್ದು ಇದು: ವರ್ಷಕ್ಕೆ ಮೂರು ಅಥವಾ ಹೆಚ್ಚು ನೀಲಿ ಡಬ್ಬಿ ಬಳಸುವವರಿಗೆ ದಮ್ಮು ಕೆರಳುವ ಅಪಾಯವೂ ಸಾವಿನ ಅಪಾಯವೂ ಹೆಚ್ಚು. ಇದಕ್ಕೆ ಎದುರಾಗಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ದಾಖಲೆಗಳಿಂದ 2000ರಲ್ಲಿ ತಿಳಿದದ್ದು: ವರ್ಷದಲ್ಲಿ ಸ್ಟಿರಾಯ್ಡ್ ಪಂಪಿನ ಒಂದೊಂದು ಡಬ್ಬಿ ಹೆಚ್ಚಿದಂತೆಲ್ಲ ಸಾವಿನ ಪ್ರಮಾಣ ಶೇ 21ರಷ್ಟು ಇಳಿಯುತ್ತದೆ.

2019ರಲ್ಲಿ ಐವತ್ತು ವರ್ಷದ ರೂಢಿ ಮುರಿಯಿತು. ಆಸ್ತಮಾ ಚಿಕಿತ್ಸೆಗೆ ಜಗತ್ತಿಗೆಲ್ಲ ಮಾರ್ಗಸೂಚಿ ಕೊಡುವ 'ಗಿನಾ' ಎಂಬ ತಜ್ಞರ ಸಂಸ್ಥೆ, ದೊಡ್ಡವರಿಗೂ ಹದಿಹರೆಯದವರಿಗೂ ನೀಲಿ ಪಂಪೊಂದನ್ನೇ ಕೊಡುವ ಚಿಕಿತ್ಸೆ ಇನ್ನು ಬೇಡ ಎಂದಿತು. ರೋಗ ಎಷ್ಟೇ ಸಣ್ಣದಿರಲಿ, ಊತ ಇಳಿಸುವ ಸ್ಟಿರಾಯ್ಡ್ ಜೊತೆಗಿರಲೇಬೇಕು. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಸೇರಿದ ಪಂಪನ್ನು ದಮ್ಮು ಬಂದಾಗ ಎಳೆದರೆ ಹಗ್ಗವೂ ಸಡಿಲ, ಊತಕ್ಕೂ ಮದ್ದು. ಇದನ್ನು ನೀಲಿ ಪಂಪಿನ ಜೊತೆ ಹೋಲಿಸಿ ನೋಡಿದ 2019ರ ಒಂದು ಅಧ್ಯಯನದಲ್ಲಿ ದಮ್ಮು ಕೆರಳುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಅದರ ಮುಂದಾಳು ಯಾರು ಅಂದುಕೊಂಡಿರಿ? ಮೂವತ್ತು ವರ್ಷದ ಹಿಂದೆ ವೆಲ್ಲಿಂಗ್ಟನ್ನಿನಲ್ಲಿ ಸತ್ತವರ ದಾಖಲೆ ತಿರುವಿ ಹಾಕಿದ್ದ ಅದೇ ರಿಚರ್ಡ್ ಬೀಸ್ಲಿ.

ನಮ್ಮ ದೇಶದಲ್ಲಿ ಆಸ್ತಮಾ ಇರುವವರು ಸುಮಾರು 3.4 ಕೋಟಿ ಎಂಬುದು 2019ರ ಜಾಗತಿಕ ರೋಗಭಾರದ ಅಂದಾಜು. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ನಮ್ಮ ಪಾಲು ಎಂಟರಲ್ಲಿ ಒಂದು ಇದ್ದರೆ, ಸಾವಿನಲ್ಲಿ ನಮ್ಮ ಪಾಲು ಹತ್ತರಲ್ಲಿ ನಾಲ್ಕು. ಬುಡೆಸೊನೈಡ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೇ ಇದೆ. ಮತ್ತೆ ಯಾಕೆ ಹೀಗೆ?

ಕಟ್ಟೆ ಮೇಲೆ ಕೇಳಿದರೆ ಕಾರಣ ತಾನೇ ಬರುತ್ತದೆ. ನೀಲಿದು ಅಗ್ಗ, ಇನ್ನೊಂದು ದುಬಾರಿ. ಮದುವೆಗಿರುವ ಹುಡುಗಿ ಕೈಯಲ್ಲಿ ದಿನಾ ಪಂಪು ಕಂಡರೆ ಸಂಬಂಧ ಮುರಿಯುತ್ತದೆ, ಆದ್ದರಿಂದ ತೀರಾ ಆಗದಿದ್ದಾಗ ಮಾತ್ರ ಬಚ್ಚಲಲ್ಲಿ ನಿಂತು ಎಳೆಯುವುದು. 'ಪಂಪು ಚಟ ಹಿಡಿಸುತ್ತೆ' ಎಂಬ ಭಯ. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನು ನುಂಗಿ ಬಂದವರೂ ಇದ್ದಾರೆ, ಅವರ ಚೀಲದಲ್ಲೂ ನೀಲಿ ಪಂಪು ಇರುತ್ತದೆ. ಎಲ್ಲಕ್ಕಿಂತ ದೊಡ್ಡದು ಸ್ಟಿರಾಯ್ಡ್ ಎಂಬ ಮಾತಿನ ಹೆದರಿಕೆ. ಈ ಹೆದರಿಕೆ ಪೂರ್ತಿ ಸುಳ್ಳಲ್ಲ, ವರ್ಷಗಟ್ಟಲೆ ಸ್ಟಿರಾಯ್ಡ್ ಗುಳಿಗೆ ನುಂಗಿ ಮುಖ ಊದಿ ಮೂಳೆ ಸವೆದವರನ್ನು ನಾವೂ ಕಂಡಿದ್ದೇವೆ. ಆದರೆ ಗುಳಿಗೆಯ ಲೆಕ್ಕ ಮಿಲಿಗ್ರಾಂನಲ್ಲಿ, ಪಂಪಿನ ಲೆಕ್ಕ ಮೈಕ್ರೋಗ್ರಾಂನಲ್ಲಿ. ಜೋರಾಗಿ ಕೆರಳಿದಾಗ ಕೊಡುವ 40 ಮಿಲಿಗ್ರಾಂ ಗುಳಿಗೆ ಅಂದರೆ 40,000 ಮೈಕ್ರೋಗ್ರಾಂ. ಬುಡೆಸೊನೈಡ್ ಪಂಪಿನ ಒಂದು ಎಳೆತ 100 ಅಥವಾ 200. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಬಾಯಿ ಹುಣ್ಣಿನ ತೊಂದರೆಯೂ ಕಡಿಮೆ. ಸ್ಟಿರಾಯ್ಡ್‌ಗೆ ಹೆದರಿ ಪಂಪು ಬಿಟ್ಟವರೇ ಕೊನೆಗೆ ಗುಳಿಗೆ, ಸೂಜಿ ಎಂದು ಹೆಚ್ಚು ಸ್ಟಿರಾಯ್ಡ್ ತಗೊಳ್ಳಬೇಕಾಗಿ ಬರುತ್ತದೆ.

ನೀಲಿ ಪಂಪು ಇರುವವರು ಇದನ್ನು ಓದಿ ಅದನ್ನು ಎಸೆಯಬೇಡಿ, ದಿಢೀರ್ ನಿಲ್ಲಿಸಲೂ ಬೇಡಿ. ಹೊಸ ಡಬ್ಬಿ ತೆಗೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ತಿಂಗಳೊಳಗೆ ಖಾಲಿಯಾದರೆ ಖಾಲಿ ಡಬ್ಬಿಯನ್ನೇ ವೈದ್ಯರ ಮೇಜಿನ ಮೇಲಿಟ್ಟು, ಊತ ಇಳಿಸುವ ಪಂಪು ನನಗೆ ಬೇಕಾ ಎಂದು ಕೇಳಿ. ಬಣ್ಣ ನೋಡಿ ಗುರುತಿಸಬೇಡಿ, ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆ. ಎಳೆದು ಗಂಟೆ ಕಳೆಯುವುದರೊಳಗೆ ಮತ್ತೆ ಬೇಕೆನಿಸಿದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಇನ್ನೊಂದು ಮಾತು, ಸೌದೆ ಒಲೆ ಮತ್ತು ಬೀಡಿ ಹೊಗೆಯಿಂದ ಬರುವ ಏದುಸಿರು ಬೇರೆ ರೋಗವೂ ಇರಬಹುದು. ಪಕ್ಕದ ಮನೆಯವರ ಪಂಪು ನಿಮಗೆ ಆಗುತ್ತದೆ ಎಂದೇನಿಲ್ಲ.

ದೊಡ್ಡಮ್ಮನ ಜೊತೆ ತಾಲೂಕು ಆಸ್ಪತ್ರೆಗೆ ನಾವೇ ಹೋಗಿದ್ದೆವು. ವೈದ್ಯರು ಮೊದಲು ಎಳೆದು ತೋರಿಸಿ ಅಂದರು. ಅವರು ಎಳೆಯುತ್ತಿದ್ದ ರೀತಿಯಲ್ಲಿ ಅರ್ಧ ಔಷಧಿ ನಾಲಿಗೆ ಮೇಲೇ ಕೂರುತ್ತಿತ್ತು. ನಡುವೆ ಇಟ್ಟು ಎಳೆಯಲು ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಬರೆದುಕೊಟ್ಟರು, ಬೆಳಿಗ್ಗೆ ಸಂಜೆಗೆ ಇನ್ನೊಂದು ಪಂಪು ಬರೆದರು. ಮೊದಲ ವಾರ ದೊಡ್ಡಮ್ಮ ನಮ್ಮನ್ನು ಬೈದರು. "ದುಡ್ಡು ದಂಡ, ಎಳುದ್ರೆ ಏನೂ ಗೊತ್ತೇ ಆಗಲ್ಲ." ಮೊಮ್ಮಗಳ ಕೈಲಿ ನೀಲಿ ಡಬ್ಬಿ ಮೇಲೆ ತಾರೀಖು ಬರೆಸಿದ್ದೆವು, ಸಂಕ್ರಾಂತಿ ಹಿಂದಿನ ದಿನದ್ದು. ಯುಗಾದಿ ಕಳೆದ ಮೇಲೆ ಮತ್ತೆ ಕಟ್ಟೆ ಮೇಲೆ ಸಿಕ್ಕಾಗ ಅದೇ ಡಬ್ಬಿ ಸೊಂಟದ ಚೀಲದಿಂದ ತೆಗೆದು ತೋರಿಸಿದರು. ಇನ್ನೂ ಮುಗಿದಿರಲಿಲ್ಲ.

"ನೋಡಪ್ಪಾ," ಅಂದರು, "ಈ ಸಲ ಕಂಪನಿಯೋರು ತುಂಬಾ ತುಂಬವ್ರೆ."